ಮನೆಯವರ ಬಾಯಿಂದ ಕೇಳಿದ ಮೇಲೆಯೇ

ಟಯರ್ ಅಂಗಡಿಯ ಮೇಲಿನ ಎರಡು ಕೋಣೆಗಳೇ ಊರಿನ ಟೀವಿ ಚಾನೆಲ್. ಪರದೆಯ ಅಡಿಯಲ್ಲಿ ಓಡುವ ಸಾಲುಗಳನ್ನು ಹತ್ತೊಂಬತ್ತು ವರ್ಷಗಳಿಂದ ಟೈಪ್ ಮಾಡುತ್ತಿರುವವಳಿಗೆ ಅಲ್ಲಿಯವರು ಇಟ್ಟ ಹೆಸರು ಅನುಮಾನದಕ್ಕ. ನಲ್ಲಿ ನೀರು ಬಾರದ ದಿನ, ತಪ್ಪಿಸಿಕೊಂಡ ನಾಯಿ, ಸಾವಿನ ಸುದ್ದಿ, ಎಲ್ಲವೂ ಅವಳ ಕೈ ದಾಟಿಯೇ ಊರಿಗೆ ತಲುಪಬೇಕು. ಮನೆಯಲ್ಲೂ ಅದೇ ಬುದ್ಧಿ. "ಗಡಿಯಾರ ನಿಂತ್ರೆ ಸೆಲ್ ಮುಗಿದಿದೆ ಅನ್ನಲ್ಲ, ಕದ್ದೋರು ಯಾರು ಅಂತಾಳೆ," ಎನ್ನುತ್ತಾನೆ ಗಂಡ.

ಅವಳನ್ನೂ ಪೂರ್ತಿ ದೂರುವಂತಿಲ್ಲ. ಹಿಂದೊಮ್ಮೆ ಯಾರೋ ಬರೆದುಕೊಟ್ಟಿದ್ದನ್ನು ನಂಬಿ, ಗಟ್ಟಿಮುಟ್ಟಾಗಿದ್ದ ದರ್ಜಿಯೊಬ್ಬನನ್ನು ಪರದೆಯ ಮೇಲೆ ಸಾಯಿಸಿಬಿಟ್ಟಿದ್ದಳು. ಬರೆದುಕೊಟ್ಟವನು ದರ್ಜಿಯ ಭಾವಮೈದ, ಹಗೆ ತೀರಿಸಿಕೊಂಡಿದ್ದ. ಮರುದಿನ ದರ್ಜಿಯೇ ಮೆಟ್ಟಿಲು ಹತ್ತಿ ಬಂದು, "ನಾನು ಎಷ್ಟೊತ್ತಿಗೆ ಸತ್ತೆ, ತಾಯಿ?" ಎಂದು ಕೇಳಿದ್ದ. ಅಂದಿನಿಂದ ಅವಳದೊಂದು ಕಟ್ಟುನಿಟ್ಟಿನ ನಿಯಮ: ಸುದ್ದಿ ತಂದವರ ಮಾತು ಲೆಕ್ಕಕ್ಕಿಲ್ಲ. ಸತ್ತವರ ಮನೆಗೆ ಫೋನ್ ಮಾಡಿ, ಬೇರೊಬ್ಬರ ಬಾಯಿಂದ ಕೇಳಬೇಕು. ಆಮೇಲೆಯೇ ಟೈಪು.

ಆ ದಿನ ಹನ್ನೊಂದಕ್ಕೆ ಬಂದವನು ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ. ತಲೆ ನೀಟಾಗಿ ಬಾಚಿದ್ದ. ಅವನ ಅಪ್ಪ, ನಿವೃತ್ತ ಡ್ರಿಲ್ ಮೇಷ್ಟ್ರು, ಬೆಳಗ್ಗೆ ತೀರಿಕೊಂಡರಂತೆ. ನಾಲ್ಕಕ್ಕೆ ಅಂತ್ಯಕ್ರಿಯೆ.

"ಅವರ ಶಿಷ್ಯರು ಊರ ತುಂಬಾ ಇದಾರೆ. ನನ್ನ ಹತ್ರ ಒಬ್ಬರ ನಂಬರೂ ಇಲ್ಲ," ಎಂದ. "ಎಲ್ಲರೂ ನೋಡ್ತಾರಲ್ವಾ, ಮೇಡಂ?"

ಕಣ್ಣಲ್ಲಿ ಒಂದು ಹನಿ ಇಲ್ಲ, ಪ್ರಚಾರದ ಆತುರ ಬೇರೆ. ಅವಳ ಮೂಗಿಗೆ ಅಲ್ಲೇ ವಾಸನೆ ಬಡಿಯಿತು. ಅವನು ವ್ಯಾನು ಗೊತ್ತು ಮಾಡಲು ಹೋದ ಮೇಲೆ ಮನೆಯ ಫೋನಿಗೆ ನಾಲ್ಕು ಸಲ ಕರೆ ಮಾಡಿದಳು. ಯಾರೂ ಎತ್ತಲಿಲ್ಲ. ಸಾವಾದ ಮನೆಯಲ್ಲಿ ಜನ ಗಿಜಿಗುಡುತ್ತಿರಬೇಕು, ಫೋನೆತ್ತಲು ಒಬ್ಬರೂ ಇಲ್ಲವೇ? ಇದೂ ದರ್ಜಿಯ ಕತೆಯೇ ಎಂದು ತೀರ್ಮಾನಿಸಿ, ಅವನು ಸುದ್ದಿ, ವಿಳಾಸ ಬರೆದುಕೊಟ್ಟಿದ್ದ ಚೀಟಿಯನ್ನು ಕೀಬೋರ್ಡಿನ ಕೆಳಗೆ ತಳ್ಳಿದಳು.

ಊಟ ಸೇರಲಿಲ್ಲ. ಕಳ್ಳನನ್ನು ಕೈಯಾರೆ ಹಿಡಿಯಬೇಕೆಂಬ ಹುರುಪು. ಎರಡೂವರೆಗೆ ಜೊತೆಯ ಹುಡುಗಿಗೆ ಕುರ್ಚಿ ಬಿಟ್ಟುಕೊಟ್ಟು ಆಟೊ ಹತ್ತಿದಳು. ಅವನಿಗೆ ಹೇಗೆ ನೀರಿಳಿಸಬೇಕೆಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಅಭ್ಯಾಸ ಮಾಡಿದಳು.

ಗೇಟು ತೆರೆದಿತ್ತು. ಅಂಗಳದಲ್ಲಿ ಬಾಡಿಗೆಯ ಪ್ಲಾಸ್ಟಿಕ್ ಕುರ್ಚಿಗಳು, ಐವತ್ತಾದರೂ ಇದ್ದವು, ಸಾಲಾಗಿ. ಒಂದರಲ್ಲೂ ಜನರಿಲ್ಲ. ಒಳಗೆ ಮಂಚದ ಮೇಲೆ ಮೇಷ್ಟ್ರು ಬಿಳಿ ಹೊದಿಕೆಯಡಿ ಮಲಗಿದ್ದರು. ಪಕ್ಕದಲ್ಲಿ ಕೂತಿದ್ದ ಮಗ ಎದ್ದು ನಿಂತ.

"ಬನ್ನಿ ಮೇಡಂ. ನೀವೇ ಮೊದಲು ಬಂದಿದ್ದು. ಟೀವೀಲಿ ಬಂದಿದೆಯಲ್ಲ, ಇನ್ನೇನು ಎಲ್ಲಾ ಬರ್ತಾರೆ."

"ಫೋನ್ ಮಾಡಿದ್ದೆ. ಯಾರೂ ಎತ್ತಲಿಲ್ಲ," ಎಂದಳು ಅವಳು.

"ಎತ್ತೋಕೆ ಯಾರಿದಾರೆ? ಇದ್ದಿದ್ದು ನಾವಿಬ್ಬರೇ. ನಾನು ವ್ಯಾನಿಗೆ ಓಡಾಡ್ತಿದ್ದೆ."

ಅವಳು ಚಾನೆಲ್ಲಿಗೆ ಫೋನ್ ಮಾಡಿ, ಈಗಲೇ ಸುದ್ದಿ ಹಾಕೆಂದಳು. "ಮನೆಯವರಿಗೆ ಕೊಡಿ ಅಕ್ಕ, ನೀವೇ ಮಾಡಿದ ನಿಯಮ," ಎಂದಳು ಹುಡುಗಿ. ಬೇರೆ ದಾರಿಯಿಲ್ಲದೆ ಫೋನನ್ನು ಮಗನ ಕೈಗಿತ್ತಳು.

"ಹೌದು, ಸತ್ತಿರೋದು ನಿಜ," ಎಂದ ಅವನು. ಮುಂದಿನ ಮಾತು ಕೇಳಿ ಅವಳತ್ತ ತಿರುಗಿದ. "ಇನ್ನೂ ಹಾಕೇ ಇಲ್ವಾ?"

ಆಗ ಗಂಟೆ ಮೂರೂಕಾಲು. ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ವ್ಯಾನಿನವನು ನಾಲ್ಕೂಕಾಲಿನ ತನಕ ಕಾದ. ಮೇಷ್ಟ್ರನ್ನು ಹೊರಲು ಪಕ್ಕದ ಮನೆಯವರು ಬಂದರು. ವ್ಯಾನು ತಿರುವು ದಾಟುವಷ್ಟರಲ್ಲಿ ಸೈಕಲ್ಲು, ಸ್ಕೂಟರು, ಏದುಸಿರು ಬಿಡುತ್ತಾ ನಡೆದವರು, ಒಬ್ಬರ ಹಿಂದೊಬ್ಬರು ಬರತೊಡಗಿದರು.

"ಈಗಷ್ಟೇ ಟೀವೀಲಿ ನೋಡಿದ್ವಿ. ಹೊರಟೇಬಿಟ್ರಾ?" ಎಂದು ಗೇಟಿನಲ್ಲಿ ನಿಂತಿದ್ದ ಅವಳನ್ನೇ ಕೇಳಿದರು.

"ತಡ ಮಾಡಿದ್ದು ನಾನು," ಎಂದಳು ಅವಳು. ಮುಂದೆ ಬಂದವರಿಗೂ ಅದನ್ನೇ ಹೇಳಿದಳು.