ಅಂಗೈಯಷ್ಟಾದ ಪರದೆ

ನೀವು ನಂಬದಿದ್ದರೂ ನನಗೆ ಬೇಸರವಿಲ್ಲ. ನನ್ನ ಹೆಂಡತಿಯೂ ನಂಬಿಲ್ಲ. ಆದರೆ ಆ ರಾತ್ರಿ ವಾಡಿಯ ಕಾಟಾದ ಕೋಣೆಯಲ್ಲಿ ಎಚ್ಚರವಾಗಿ ಕೂತಿದ್ದವನು ನಾನೊಬ್ಬನೇ.

ಎರಡು ಸಾವಿರದ ಎಂಟರ ಸುಮಾರು. ನೆಲಕ್ಕೆ ಹಾಸುವ ಫರಸಿ ಕಲ್ಲಿನ ಲಾರಿ ತೂಗುವ ಖಾಸಗಿ ಕಾಟಾದಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದೆ. ಆರು ವರ್ಷದ ನೌಕರಿ. ಅದೇ ಕೆಲಸಕ್ಕೆ ರಾಘು ಬಂದು ಆರು ತಿಂಗಳು. ಶಹಾಬಾದಿನ ಮಾಸ್ತರರ ಮಗ, ಹಣೆಯ ಮೇಲೆ ದಿನವೂ ಗಂಧ.

ತೂಕದ ಹಳೆಯ ಪ್ರೋಗ್ರಾಂ ಹೊಸ ಕಂಪ್ಯೂಟರಿನಲ್ಲಿ ಓಡಲಿಲ್ಲ. ನನ್ನಿಂದ ಆಗದ್ದನ್ನು ಅವನು ಮಾಡಿದ. ಹೊಸದರ ಹೊಟ್ಟೆಯೊಳಗೇ ಹಳೆಯ ಕಂಪ್ಯೂಟರೊಂದನ್ನು, ಅಂದರೆ ವರ್ಚುವಲ್ ಮಷೀನನ್ನು, ಕೂರಿಸಿದ. ಮೊದಮೊದಲು ಅದು ಸಣ್ಣ ಕಿಟಕಿಯಷ್ಟೇ ಕಾಣುತ್ತಿತ್ತು, ಅಕ್ಷರಗಳು ತಡವರಿಸಿ ಮೂಡುತ್ತಿದ್ದವು. ಮೂರು ದಿನ ಕೂತು ಡಿಸ್ಪ್ಲೇ ಸಾಫ್ಟ್‌ವೇರ್ ಹಾಕಿ, ಗ್ರಾಫಿಕ್ಸಿನ ಮೆಮೊರಿ ಹೆಚ್ಚಿಸಿ, ಪರದೆ ತುಂಬಿಸಿಬಿಟ್ಟ.

"ಹುಡುಗ ಅಂದ್ರ ಹಿಂಗಿರಬೇಕು ನೋಡ್ರಿ," ಎಂದರು ಮಾಲಕರು, ನನ್ನೆದುರೇ.

ಮರುದಿನ ಅವರ ಪಾಲುದಾರರು ಬರುವವರಿದ್ದರು. ಮೆಚ್ಚಿದರೆ ಸೇಡಂ, ಚಿತ್ತಾಪುರದ ಕಾಟಾಗಳಿಗೂ ರಾಘುವೇ ಮುಖ್ಯಸ್ಥ. ಆ ಜಾಗ ನನಗೇ ಸಿಗುತ್ತದೆಂದು ನಾನು ಮನೆಯಲ್ಲಿ ಹೇಳಿಬಿಟ್ಟಿದ್ದೆ.

ರಾತ್ರಿ ಪಾಳಿ ನನ್ನದು. ಎರಡರ ಹೊತ್ತಿಗೆ ಲಾರಿಗಳು ಬರುವುದು ನಿಂತಿತು... ರಾಘು ಹಾಕಿದ್ದ ಸಾಫ್ಟ್‌ವೇರ್ ಅಳಿಸಿದೆ. ಮಷೀನ್ ಬಂದ್ ಮಾಡಿ, ಮೆಮೊರಿ ತಳಕ್ಕಿಳಿಸಿ, ಮತ್ತೆ ಚಾಲೂ ಮಾಡಿದೆ. ಪರದೆ ಅಂಗೈಯಷ್ಟಾಯಿತು. ಸುತ್ತ ಕಪ್ಪು. ಸುಳ್ಳು ಹೇಳುವುದಿಲ್ಲ, ಹೊಟ್ಟೆ ತಣ್ಣಗಾಯಿತು.

ಆಗ ಆ ಪರದೆಯೊಳಗಿನ ಬಾಣ ಅಲುಗಿತು. ನನ್ನ ಕೈ ಮೌಸಿನ ಮೇಲಿರಲಿಲ್ಲ.

ಯಾರೋ ದೂರದಿಂದ ಆಡಿಸುತ್ತಿದ್ದಾರೆಂದು ನೆಟ್‌ವರ್ಕ್ ತಂತಿ ಕಿತ್ತೆ. ಮೌಸಿನದೂ ಕಿತ್ತೆ. ಬಾಣ ನಿಲ್ಲಲಿಲ್ಲ... ಅವಸರವಿಲ್ಲದೆ, ಒಂದೊಂದೇ ಗುಂಡಿ ಒತ್ತುತ್ತ, ಅಳಿಸಿದ್ದನ್ನೆಲ್ಲ ಮತ್ತೆ ಹಾಕತೊಡಗಿತು. ಮಷೀನ್ ತಾನೇ ಬಂದ್ ಆಯಿತು. ಮೆಮೊರಿ ಮೇಲೇರಿತು. ಜಂಕ್ಷನ್ ಕಡೆ ವ್ಯಾಗನ್‌ಗಳು ಒಂದಕ್ಕೊಂದು ಬಡಿದ ಸದ್ದು... ಆಮೇಲೆ ಏನೂ ಇಲ್ಲ. ಕಲ್ಲಿನ ಧೂಳು ನಾರುವ ಆ ಕೋಣೆಯಲ್ಲಿ, ನನ್ನ ಹೆಗಲ ಹಿಂದಿನಿಂದ, ಆಗಷ್ಟೇ ತೇಯ್ದ ಗಂಧದ ವಾಸನೆ ಬಂತು.

ತಿರುಗಿ ನೋಡುವ ಧೈರ್ಯವಾಗಲಿಲ್ಲ. ರಾಘುವಿನ ಮೊಬೈಲಿಗೆ ಫೋನ್ ಮಾಡಿದೆ. ಅವನ ತಾಯಿ ಎತ್ತಿದರು.

"ಅಂವ ಮಲ್ಕೊಂಡಾನಪಾ. ಸಂಜಿಲಿಂದ ಜ್ವರ. ನಾ ಬಾಜೂಕ ಕುಂತೀನಿ." ದನಿ ತಗ್ಗಿಸಿದರು. "ನಿದ್ದಿಯೊಳಗ ಬೆರಳು ಆಡಸ್ಲಿಕತ್ತಾನ... ಏನೋ ಒತ್ತಿದಂಗ. ಎಬ್ಬಸ್ಲೇನು?"

"ಬ್ಯಾಡ್ರಿ, ಅಮ್ಮಾರ."

ನನ್ನ ಮುಂದೆ ಪರದೆ ಅಂಚಿನಿಂದ ಅಂಚಿಗೆ ತೆರೆದುಕೊಂಡಿತು.

"ಈಗ ಬೆರಳು ನಿಂತ್ವು ನೋಡಪಾ," ಎಂದರು ಅವರು.

ಬೆಳಿಗ್ಗೆ ಪಾಲುದಾರರು ಬಂದರು, ಮೆಚ್ಚಿದರು. ಜ್ವರದಲ್ಲೇ ಬಂದಿದ್ದ ರಾಘು ಚಹಾ ಕುಡಿಯುವಾಗ ತಾನಾಗಿಯೇ ಮಾತು ತೆಗೆದ.

"ಅಣ್ಣಾರ, ರಾತ್ರಿ ಭಾಳ ಕೆಟ್ಟ ಕನಸು ಬಿತ್ರಿ. ನೀವು ಒಂದು ಸಣ್ಣ ಕಿಟಕ್ಯಾಗ ಸಿಕ್ಕೊಂಡಿದ್ರಿ. ಸುತ್ತ ಕತ್ತಲಿ. ಉಸುರು ಕಟ್ಟಿ ಒದ್ದಾಡಾಕತ್ತಿದ್ರಿ... ನೋಡ್ಲಿಕ್ಕಾಗ್ಲಿಲ್ಲ. ಆ ಕಿಟಕಿ ದೊಡ್ಡದು ಮಾಡಾಕ ಭಾಳ ಗುದ್ದಾಡೀನ್ರಿ."

ಆ ಹುದ್ದೆ ಅವನಿಗೇ ಹೋಯಿತು. ಹೊಟ್ಟೆಕಿಚ್ಚು ನನ್ನನ್ನು ಇನ್ನೂ ಬಿಟ್ಟಿಲ್ಲ. ಹಗಲು ಹೇಗೋ ನಡೆಯುತ್ತದೆ. ಅವನು ಮಲಗಿರಬಹುದಾದ ಹೊತ್ತಿನಲ್ಲಿ ಮಾತ್ರ ಅವನಿಗೆ ಕೆಡುಕು ಬಯಸಲು ನನಗೆ ಇಂದಿಗೂ ಧೈರ್ಯವಿಲ್ಲ.