ಅಮ್ಮ ನೋಡದೇ ಹೋದ ಗುಹೆ

ಫೋಟೋ ರೀಲು ತೊಳೆಸಲು ಕೊಟ್ಟು ವಾರಗಟ್ಟಲೆ ಕಾಯುತ್ತಿದ್ದ ದಿನಗಳು ಅವು. ನಾವು ಪರದೇಶದಲ್ಲಿ, ಮೆಡೋವೇಲ್ ಎಂಬ ಊರಿನಲ್ಲಿದ್ದೆವು. ಅಮ್ಮ ಹತ್ತಿರದ ಊರು ವಾನ್‌ನ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ಕೆಲಸ ಮಾಡುತ್ತಿದ್ದಳು. ಅವಳ ಪಕ್ಕದಲ್ಲಿ ನಿಂತು ಕೆಲಸ ಮಾಡುತ್ತಿದ್ದ ರೋಸಾ ಇಟಲಿಯ ಅಮಾಲ್ಫಿ ಕರಾವಳಿಯವಳು. ಅಲ್ಲಿ ಬಂಡೆಯ ಬುಡದಲ್ಲಿ ಒಂದು ಗುಹೆಯಿದೆ, ದೋಣಿಯಲ್ಲಿ ಒಳಗೆ ಹೋದರೆ ನೀರು ಹಸಿರಾಗಿ ಬೆಳಗುತ್ತದೆ ಎಂದು ಅವಳು ಹೇಳಿದ್ದನ್ನು ಅಮ್ಮ ನಾಲ್ಕು ವರ್ಷ ಮನಸ್ಸಿನಲ್ಲಿಟ್ಟುಕೊಂಡಿದ್ದಳು.

ನನಗೆ ಹತ್ತು ತುಂಬಿದ ಬೇಸಿಗೆಯಲ್ಲಿ ಹೋದೆವು. ಬೆಟ್ಟ ಕಡಿದಾಗಿ ನೇರ ಸಮುದ್ರಕ್ಕೆ ಇಳಿದಿತ್ತು. ಇಳಿಜಾರಿನ ತೋಟಗಳಲ್ಲಿ ನನ್ನ ಮುಷ್ಟಿಗಿಂತ ದೊಡ್ಡ ನಿಂಬೆಹಣ್ಣು. ಸೂಟ್‌ಕೇಸಿನಲ್ಲಿ ತಂದಿದ್ದ ಕುಕ್ಕರಿನಲ್ಲಿ ಅನ್ನ ಮಾಡಿ, ಅಮ್ಮ ಹೋಟೆಲ್ ರೂಮಿನಲ್ಲೇ ಚಿತ್ರಾನ್ನ ಕಲಸಿದಳು.

ಕೊನೆಯ ದಿನ, ಶುಕ್ರವಾರ, ಹನ್ನೊಂದಕ್ಕೆ ಸ್ವಲ್ಪ ಮೊದಲು ದೋಣಿಯ ಸಾಲಿನಲ್ಲಿ ನಿಂತಿದ್ದೆವು. ಗುಹೆಯ ಬಾಯಿ ಬಹಳ ತಗ್ಗು, ಕಪ್ಪು. ಒಳಹೋಗುವವರು ತಲೆ ಬಗ್ಗಿಸಿ ಮಾಯವಾಗುತ್ತಿದ್ದರು. ನಾನು ಸಾಲಿನಲ್ಲಿ ಒಂದು ಹೆಜ್ಜೆ ಹಿಂದೆ ಸರಿದೆ. ಅಜ್ಜಿ ಪ್ರತಿ ಭಾನುವಾರ ಫೋನಿನಲ್ಲಿ ನನ್ನಿಂದ ರಾಹುಕಾಲ ಒಪ್ಪಿಸಿಕೊಳ್ಳುತ್ತಿದ್ದರು.

"ಅಮ್ಮಾ, ಇವತ್ತು ಫ್ರೈಡೇ. ಹತ್ತೂವರೆಯಿಂದ ಹನ್ನೆರಡು ರಾಹುಕಾಲ."

ಅಪ್ಪ ನಕ್ಕರು. "ಲೇ, ರಾಹುಗೆ ಇಟಲಿ ವೀಸಾ ಕೊಟ್ಟೋರ್ಯಾರೇ?"

"ನಗಬೇಡಿ ರೀ. ಮಗು ಬಾಯಲ್ಲಿ ಬಂದ್ಮೇಲೆ ಹೇಗೆ ಹತ್ತೋದು? ಒಂದು ಗಂಟೆ ತಾನೆ, ಕಾಯೋಣ."

ಸಾಲು ಬಿಟ್ಟು ಬಂದೆವು. ನಾವು ಹತ್ತಬೇಕಿದ್ದ ದೋಣಿ ಹೋಗಿ ಬಂತು. ಆರು ಜನ, ಆರೂ ಜನ ಇಳಿದರು. ಒಬ್ಬಾಕೆ ಒದ್ದೆ ಟೋಪಿ ಹಿಂಡುತ್ತಾ ನಗುತ್ತಿದ್ದಳು. ಹನ್ನೆರಡಕ್ಕೆ ಕಾಲು ಗಂಟೆಯಿರುವಾಗ ಗಾಳಿ ಎದ್ದಿತು. ಅಲೆ ಗುಹೆಯ ಬಾಯಿ ಮುಚ್ಚತೊಡಗಿತು. ದೋಣಿಯವನು ಮೆಟ್ಟಿಲಿಗೆ ಅಡ್ಡ ಹಗ್ಗ ಕಟ್ಟಿದ.

"ನಾಳೆ ಬೆಳಗ್ಗೇನೇ ಫ್ಲೈಟು, ಅಲ್ವಾ?" ಎಂದಳು ಅಮ್ಮ. ಅದು ಅವಳಿಗೆ ಗೊತ್ತಿತ್ತು.

ಮೆಡೋವೇಲ್‌ಗೆ ಮರಳಿದ ಮೇಲೆ ಕನ್ನಡದವರು ಸೇರಿದ ಮನೆಗಳಲ್ಲೆಲ್ಲ ಅದೇ ಪ್ರಶ್ನೆ. "ಗುಹೆ ನೋಡಿದ್ರಾ?"

"ಇಲ್ಲಾ ರೀ, ನಮ್ಮ ಮಗಳು ತಡೆದ್ಲು. ಆಮೇಲೆ ಸಮುದ್ರ ಹೇಗೆ ಎದ್ದಿತು ಗೊತ್ತಾ? ಇವಳಿಂದ ಉಳಿದ್ವಿ."

ಹಾಗೆನ್ನುತ್ತಾ ನನ್ನ ತಲೆ ಸವರುತ್ತಿದ್ದಳು. ರಾಹುವಲ್ಲ ಅಮ್ಮಾ, ನನಗೆ ಹೆದರಿಕೆಯಾಗಿತ್ತು ಎಂದರೆ ಸಾಕಿತ್ತು. ನಾನು ಚಕ್ಕುಲಿ ಮುರಿದು ತಿನ್ನುತ್ತಿದ್ದೆ. ಮತ್ತೊಮ್ಮೆ ಹೋಗೋಣ ಎಂದು ಅಪ್ಪ ಎರಡು ಸಲ ಹೇಳಿದರು. ಹೋಗಲಾಗಲಿಲ್ಲ, ಅಮ್ಮ ಕಾಯಿಲೆ ಬಿದ್ದಳು.

ನ್ಯೂಮಾರ್ಕೆಟ್‌ನ ಆಸ್ಪತ್ರೆಯಲ್ಲಿ, ಕೊನೆಯ ವಾರ, ಅವಳು ನರ್ಸಿಗೂ ಇದನ್ನೇ ಹೇಳಿದಳು. "ಮೈ ಡಾಟರ್ ಸೇವ್ಡ್ ಅಸ್." ನರ್ಸ್ ನನ್ನತ್ತ ತಿರುಗಿ ಮುಗುಳ್ನಕ್ಕಳು. ಲೋಟಕ್ಕೆ ನೀರು ಬಗ್ಗಿಸುತ್ತಿದ್ದ ನಾನೂ ನಕ್ಕೆ.

ಈಗ ಆ ಕಥೆ ಹೇಳುವವರಿಲ್ಲ. ಅದು ಸುಳ್ಳೆಂದು ಒಪ್ಪಿಕೊಳ್ಳಬೇಕೆಂದರೆ, ಕೇಳಬೇಕಾದವಳೂ ಇಲ್ಲ.