ಇಲ್ಲದ ಊರಿಗೆ ಬೆಳಗು ಮಾಡುವಾಕೆ

ಮಹೇಶ್ವರಿ ಜೋಳದ ಹಿಟ್ಟು ಜರಡಿ ಹಿಡಿಯುತ್ತಿದ್ದಾಳೆ. ಶಿರಸಿಯ ಹಳೇ ಬಸ್ ನಿಲ್ದಾಣದ ಹಿಂದಿನ ಓಣಿಯ ಈ ಖಾನಾವಳಿಯಲ್ಲಿ ಇಷ್ಟು ಬೆಳಿಗ್ಗೆ ಯಾರೂ ಮಾತಾಡುವಂತಿಲ್ಲ. ಒಡತಿ ಸಾವಿತ್ರವ್ವ ಒಳಕೋಣೆಯಲ್ಲಿ ಪೂಜೆಗೆ ಕೂತಿದ್ದಾರೆ. ಅವರು ಎದ್ದು ಬರುವ ತನಕ ಅಡುಗೆಮನೆಯಲ್ಲಿ ಪಾತ್ರೆ ಕೂಡ ಸದ್ದು ಮಾಡಬಾರದು. ಅಂಗೈಯಿಂದ ಮೆಲ್ಲಗೆ ತಟ್ಟಿದರೆ ಹಿಟ್ಟು ಪರಾತಕ್ಕೆ ಇಳಿಯುತ್ತದೆ, ತೌಡು ಮೇಲೆ ಉಳಿಯುತ್ತದೆ. ಉಪ್ಪಿನ ಡಬ್ಬಿಗೆ ಒರಗಿಸಿಟ್ಟ ಮೊಬೈಲಿನಲ್ಲಿ ಬೆಳಕು ಮೂಡಿದಾಗಲೆಲ್ಲ ಆಕೆ ಬಗ್ಗಿ ನೋಡುತ್ತಾಳೆ. ತಾನು ಕಾಯುತ್ತಿರುವ ಹೆಸರು ಅಲ್ಲಿಲ್ಲ. ಮತ್ತೆ ಜರಡಿ.

ಎರಡು ವಾರದ ಹಿಂದಿನವರೆಗೂ ಈ ಹೊತ್ತಿಗೆ ಆಕೆಗೆ ಇನ್ನೊಂದು ಕೆಲಸವಿರುತ್ತಿತ್ತು. ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಒಂದು ಊರಿಗೆ ಬೆಳಗು ಮಾಡುವ ಕೆಲಸ. 'ಬೆಳಗಾಯಿತು. ಹೊಳೆಯ ಮೇಲೆ ಮಂಜಿದೆ. ಆಚೆ ದಡ ಕಾಣುತ್ತಿಲ್ಲ' ಎಂದು ಆಕೆ ಬರೆದು ಕಳಿಸಿದರೆ ಮಾತ್ರ ಆ ಊರಿನವರು ಏಳುತ್ತಿದ್ದರು.

ಊರಿನ ಹೆಸರು ಹೊಳೆಬಾಗಿಲು. ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲೆಲ್ಲ ಹುಡುಕಿದರೂ ಸಿಗದು. ಅದು ಇರುವುದು ಮೊಬೈಲಿನ ಒಂದು ಗುಂಪಿನಲ್ಲಿ. ಸುಮಾರು ಅರವತ್ತು ಜನ ಸೇರಿ ಬರೆದು ಕಟ್ಟುತ್ತಿರುವ ಊರು. ಒಬ್ಬರು ಅಂಗಡಿ ಕಲ್ಲವ್ವ ಆಗುತ್ತಾರೆ, ಒಬ್ಬರು ಕುರಿ ಕಾಯುವ ದ್ಯಾಮಪ್ಪ ಆಗುತ್ತಾರೆ. ಕಲ್ಲವ್ವ ಏನೆಂದಳು ಎಂದು ಅವಳನ್ನು ಆಡುವವರು ಬರೆದರೆ, ದ್ಯಾಮಪ್ಪನನ್ನು ಆಡುವವರು ಅವನ ಉತ್ತರ ಬರೆಯುತ್ತಾರೆ. ಕತೆ ಎಲ್ಲಿಗೆ ಹೋಗುತ್ತದೆಂದು ಯಾರಿಗೂ ತಿಳಿದಿಲ್ಲ. ಹೊರಗಿನವರು ಇದನ್ನು ರೋಲ್‌ಪ್ಲೇ ಎನ್ನುತ್ತಾರೆ. ಮಹೇಶ್ವರಿಗೆ ಅದು ಬರೀ 'ಊರು'. ಅಲ್ಲಿ ಆಕೆಗೆ ಪಾತ್ರವಿಲ್ಲ. ಆಕೆ ಅಡ್ಮಿನ್. ಬಿಸಿಲು, ಮಳೆ, ಬೆಳಗು, ಬೈಗು ಬರೆಯುವುದು, ಜಗಳ ಬಿಡಿಸುವುದು, ರೀತಿ ರಿವಾಜು ಕಾಯುವುದು ಆಕೆಯ ಪಾಲಿಗೆ. ಪಗಾರವಿಲ್ಲದ ಚಾಕರಿ.

"ಏನವ್ವಾ ಮಹೇಶಿ, ನಿನ್ನ ಊರಾಗ ಇವತ್ತರೆ ಹೊತ್ತು ಹುಟ್ಟೇತೋ ಇಲ್ಲೋ?" ವಿಭೂತಿ ಹಚ್ಚಿಕೊಂಡು ಹೊರಬಂದ ಸಾವಿತ್ರವ್ವನ ದಿನದ ಮೊದಲ ಮಾತು ಇದು.

"ಇನ್ನೂ ಇಲ್ಲರೀ ಅವ್ವಾ."

"ಹಂಗಾರ ಅಲ್ಲಿ ಮಂದಿಗೆ ರೊಟ್ಟಿ ಬಡಿಯೂ ಕಾಟ ಇಲ್ಲ ಬಿಡು. ಪುಣ್ಯವಂತರು! ಇಲ್ಲಿ ಹೊತ್ತು ಹುಟ್ಟೇತಿ, ಹೆಂಚಿಡು."

ಬನವಾಸಿ ಕಡೆಯ ಹಳ್ಳಿಯೊಂದರಿಂದ ಬಂದ ಮಹೇಶ್ವರಿ ಶಾಲೆ ಬಿಟ್ಟಿದ್ದು ಒಂಬತ್ತನೇ ಇಯತ್ತೆಯಲ್ಲಿ. ಖಾನಾವಳಿಗೆ ಸೇರಿ ಆರು ವರ್ಷ. ದಿನಕ್ಕೆ ಇನ್ನೂರರ ಮೇಲೆ ರೊಟ್ಟಿ ಬಡಿಯುತ್ತಾಳೆ. ಎದುರಿನ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ, ಸೋಂದಾ ಕಡೆಯ ಪರಿಮಳಾ ಮಧ್ಯಾಹ್ನ ಊಟಕ್ಕೆ ಬಂದಾಗ ತೋರಿಸಿದ್ದು ಈ ಗುಂಪನ್ನು. ಕಟ್ಟಿದವಳು ಪರಿಮಳಾನೇ. ತಿಂಗಳುಗಟ್ಟಲೆ ಬರೇ ಓದುತ್ತಿದ್ದ ಮಹೇಶ್ವರಿ ಒಂದು ದಿನ, ಸಂತೆಯಲ್ಲಿ ಇಬ್ಬರು ಕಿತ್ತಾಡುತ್ತಿದ್ದಾಗ, 'ಜೋರು ಮಳೆ ಬಂತು' ಎಂದು ಬರೆದಳಂತೆ. ಇಬ್ಬರೂ ಒಂದೇ ಮಾಡಿನ ಕೆಳಗೆ ನಿಲ್ಲಬೇಕಾಯಿತು. ಮರುದಿನ ಪರಿಮಳಾ ಅಡ್ಮಿನ್‌ಗಿರಿಯನ್ನು ಆಕೆಗೆ ದಾಟಿಸಿಬಿಟ್ಟಳು.

"ನಂಗೇನು ಬರತಿದ್ದಿಲ್ಲರೀ," ಎನ್ನುತ್ತಾಳೆ ಮಹೇಶ್ವರಿ, ರೊಟ್ಟಿಗೆ ನೀರು ಸವರುತ್ತ. "ನೋಡ್ತಾ ನೋಡ್ತಾ ತಿಳೀತು. ನಮ್ಮ ಸ್ವಂತ ಮಾತು ಬ್ರ್ಯಾಕೆಟ್‌ನ್ಯಾಗ ಹಾಕಬೇಕು, ಇಲ್ಲಾಂದ್ರ ಅದು ಪಾತ್ರದ ಮಾತು. ನೀವ್ಯಾರು, ಯಾವ ಮಂದಿ, ಮದುವಿ ಆಗೇತೇನು ಅಂತ ಕೇಳಬಾರದು. ಎಲ್ಲಕ್ಕಿಂತ ದೊಡ್ಡದು ಅಂದ್ರ, ಇನ್ನೊಬ್ಬರ ಪಾತ್ರದ ಕೈಕಾಲು ನಾವು ಆಡಸಬಾರದು. ನಾನು ಹೊಡೆದೆ ಅಂತ ಬರೀಬೌದು. ಅವರು ಬಿದ್ರು ಅಂತ ಅವರೇ ಬರೀಬೇಕು."

ಊರು ನಿಂತುಹೋಗಿದ್ದು ಈ ಕೊನೆಯ ಮಾತಿನ ಮೇಲೆ.

ಹೊಳೆಬಾಗಿಲಿನ ಅಂಬಿಗನ ಹೆಸರು ಬೀರ. ಯಾರಿಗೂ ತಲೆಬಾಗದವನು; ಊರಗೌಡ ಹತ್ತಿದರೂ ದೋಣಿಯ ಕೂಲಿ ಇಸಕೊಳ್ಳದೆ ಬಿಡನು. ಅವನನ್ನು ಬರೆಯುವವರು ಗಂಡಸೋ ಹೆಂಗಸೋ ಗೊತ್ತಿಲ್ಲ. ಮಾತಿನ ವರಸೆ ನೋಡಿ ಸಿದ್ದಾಪುರ ಕಡೆಯ ಬಿಳಗಿಯವರಿರಬೇಕು, ಅಲ್ಲ ಹೆಗ್ಗರಣೆಯವರು ಎಂದು ಒಳಗೊಳಗೇ ಊಹಿಸಿದವರಿದ್ದಾರೆ, ಕೇಳಿದವರಿಲ್ಲ. ಒಂದು ಸಂಜೆ ದೋಣಿ ನಡುಹೊಳೆಗೆ ಬಂದಾಗ ಬೀರನನ್ನು ಆಡುವವರು ಬ್ರ್ಯಾಕೆಟ್ಟಿನಲ್ಲಿ ಬರೆದರು: '(ಎರಡು ದಿನ ನೆಟ್‌ವರ್ಕ್ ಸಿಗೂದಿಲ್ಲ. ದೋಣಿ ಇಲ್ಲೇ ಇರ್ಲಿ.)'

ದೋಣಿಯಲ್ಲಿ ಪರಿಮಳಾ ಆಡುವ ಸೂಲಗಿತ್ತಿಯಿದ್ದಳು. ಆಚೆ ದಡದಲ್ಲಿ ಬಸುರಿಯೊಬ್ಬಳು ನೋವು ತಿನ್ನುತ್ತಿದ್ದಳು. ಜತೆಗಿದ್ದ ಬಳೆಗಾರನನ್ನು ಆಡುತ್ತಿದ್ದವನು ಯಲ್ಲಾಪುರದ ವಿನೋದ, ಗುಂಪಿಗೆ ಹೊಸಬ. ಬಂದ ದಿನವೇ ತನ್ನ ಹೆಸರು, ಊರು ಎಲ್ಲ ಹೇಳಿಕೊಂಡಿದ್ದ ಹುಡುಗ. ಮರುದಿನ ಅವನಿಗೆ ತಡೆಯಲಾಗಲಿಲ್ಲ. 'ಬೀರ ಹುಟ್ಟು ಹಾಕಿದ. ದೋಣಿ ದಡ ಮುಟ್ಟಿತು. ಬೀರ ಕೈಮುಗಿದು, ಕೂಲಿ ಬೇಡ, ನಾನು ನಿಮ್ಮೆಲ್ಲರ ಆಳು ಎಂದ' ಎಂದು ಬರೆದುಬಿಟ್ಟ.

ಮಹೇಶ್ವರಿ ಅದನ್ನು ನೋಡುವಷ್ಟರಲ್ಲಿ ರೊಟ್ಟಿಯ ಗಡಿಬಿಡಿ ಮುಗಿದಿತ್ತು. ತಕ್ಷಣ ಅಳಿಸಿದಳು. ದೋಣಿಯನ್ನು ಮತ್ತೆ ನಡುಹೊಳೆಗೆ ತಂದಳು. ಆದರೆ ಎಲ್ಲೋ ಒಂದು ಗಳಿಗೆ ನೆಟ್‌ವರ್ಕ್ ಸಿಕ್ಕಿತೇನೋ, ಬೀರನನ್ನು ಆಡುವವರು ಆಗಲೇ ಓದಿಯಾಗಿತ್ತು. ಯಾರು ಯಾರು ನೋಡಿದರೆಂದು ಬರೆದವರಿಗೆ ಮೊಬೈಲ್ ತೋರಿಸುತ್ತದಲ್ಲ, ಅಳಿಸುವ ಮೊದಲು ವಿನೋದನ ಮೊಬೈಲಿನ ಆ ಸಾಲಿನಲ್ಲಿ ಬೀರನ ಹೆಸರಿತ್ತು.

ವಿನೋದನಿಗೆ ತನ್ನ ತಪ್ಪು ಯಾವುದೆಂದೇ ಹೊಳೆಯಲಿಲ್ಲ. ಅವನು ಕಳಿಸಿದ ಧ್ವನಿ ಸಂದೇಶವನ್ನು ಮಹೇಶ್ವರಿ ಈಗಲೂ ಕೇಳಿಸುತ್ತಾಳೆ: "ಅಕ್ಕಾ, ಪಂಕ್ತಿಲಿ ಪಕ್ಕದವ್ರು ಬರೂದು ತಡ ಆದ್ರೆ ಅವ್ರ ಎಲೆಗೂ ಬಡ್ಸಿ ಅಂತ ಹೇಳ್ತೀವಲ್ಲ? ನಾನೂ ಅಷ್ಟೇ ಮಾಡಿದ್ದು. ಉಪಕಾರ ಮಾಡಿದ್ದು ತಪ್ಪಾ?"

"ಬಡಿಸಿ ಇಡಬೌದಪ್ಪಾ," ಎಂದಿದ್ದಳು ಈಕೆ. "ಅವರ ಎಲಿ ನೀನು ಉಣ್ಣೂದಲ್ಲ."

ಅಂದಿನಿಂದ ಬೀರನ ಸುದ್ದಿಯಿಲ್ಲ. ಗುಂಪು ಬಿಟ್ಟೂ ಹೋಗಿಲ್ಲ. ಯಾರು ಏನು ಬರೆದರೂ ಓದುತ್ತಾರೆ, ಒಂದಕ್ಷರ ಬರೆಯುವುದಿಲ್ಲ. ದೋಣಿ ನಡುಹೊಳೆಯಲ್ಲಿ ನಿಂತಿದೆ. ದೋಣಿ ದಾಟದೆ ಆ ಸಂಜೆ ಮುಗಿಯದು, ಸಂಜೆ ಮುಗಿಯದೆ ಬೆಳಗಾಗದು.

"ಸಿಟ್ಟು ಬಂದಿದ್ದು ಬೀರಗೋ, ಬೀರನ್ನ ಬರಿಯೋರಿಗೋ?" ಮಹೇಶ್ವರಿ ಲಟ್ಟಣಿಗೆಯಿಲ್ಲದೆ ಬಡಿದ ರೊಟ್ಟಿಯನ್ನು ಹೆಂಚಿಗೆ ಬಿಡುತ್ತ ತನ್ನನ್ನೇ ಕೇಳಿಕೊಳ್ಳುತ್ತಾಳೆ. "ಆಳು ಅಂದಿದ್ದಕ್ಕ ನೊಂದ್ರೋ? ಅಥವಾ ಮನ್ಯಾಗ ಏನರೆ ಆಗೇತೋ? ನಂಗ ಒಂದೂ ಬಗೆಹರೀವಲ್ದು. ಆಟ ಅನ್ನೂಹಂಗೂ ಇಲ್ಲ, ಆಟ ಅಲ್ಲ ಅನ್ನೂಹಂಗೂ ಇಲ್ಲ."

ಮಧ್ಯಾಹ್ನ ಪರಿಮಳಾ ಊಟಕ್ಕೆ ಬರುತ್ತಾಳೆ. "ಎಂತಾ ಮಾರಾಯ್ತಿ, ಆ ಬಸುರಿಗೆ ಎರಡು ವಾರದಿಂದ ನೋವು! ಇನ್ನು ನಮ್ಮ ಅಂಗಡಿ ಗುಳಿಗೆನೇ ಕಳ್ಸಬೇಕಾಗ್ತದೆ."

"ನಗಬ್ಯಾಡ್ರಿ ಪರಿಮಳಕ್ಕಾ."

"ನಗೂದಲ್ಲ. ವಿನೋದನ ಕಡೆಯವ್ರು ಏನು ಬರ್ದಿದ್ರು ನೋಡಿದ್ಯಲ್ಲ? ಭಾನುವಾರದೊಳಗೆ ದೋಣಿ ದಾಟದಿದ್ರೆ ಅರ್ಧ ಜನ ಎದ್ದು ಹೋಗಿ ಬೇರೆ ಗುಂಪು ಮಾಡ್ತಾರಂತೆ. ನಾಳೆನೇ ಭಾನುವಾರ. ಬೀರನ ನಂಬರ್ ಗುಂಪಲ್ಲೇ ಕಾಣ್ತದಲ್ಲ, ಒಂದು ಫೋನ್ ಮಾಡು."

ಮಹೇಶ್ವರಿ ಆಗದೆಂದು ತಲೆಯಾಡಿಸುತ್ತಾಳೆ. ಹೋದ ವರ್ಷ ಗುಂಪಿನ ಹುಡುಗಿಯೊಬ್ಬಳ ನಂಬರಿಗೆ ಹೇಳದೆ ಕೇಳದೆ ಫೋನ್ ಮಾಡಿದವನೊಬ್ಬನನ್ನು ಹೊರಹಾಕಿದವಳು ಈಕೆಯೇ. ಆಡುವವರ ಮನೆಬಾಗಿಲು ತಟ್ಟಬಾರದು ಎಂದು ಅಂದು ಎಲ್ಲರೆದುರು ಬರೆದಿದ್ದಳು.

"ಹಂಗಾದ್ರೆ ನೀನೇ ದಾಟಿಸು. ಗಾಳಿ ಬೀಸ್ತು, ದೋಣಿ ತಾನೇ ದಡಕ್ಕೆ ಬಂತು ಅಂತ ಬರಿ. ಗಾಳಿ ನಿನ್ನದೇ ಅಲ್ಲನೆ?"

ಅದೂ ನಿಜವೇ. ಗಾಳಿ ಆಕೆಯದೇ. ಮಹೇಶ್ವರಿ ಪರಿಮಳಾಳ ತಾಟಿಗೆ ಇನ್ನೊಂದು ರೊಟ್ಟಿ ಹಾಕುತ್ತಾಳೆ. "ಗಾಳಿ ನಂದು, ದೋಣಿ ಅವರದು," ಎನ್ನುತ್ತಾಳೆ. "ಈ ಖಾನಾವಳ್ಯಾಗ ಬಂದೋರು ನನ್ನ 'ಏ ರೊಟ್ಟಿ' ಅಂತ ಕರೀತಾರ. ನಾ ಓ ಅಂತೇನಿ. ಅಲ್ಲಿ ಹಂಗಲ್ರಿ. ನಾ ಇರೂತನಕ ಆ ಊರಾಗ ಯಾರ ಬಾಯಾಗ ಯಾರೂ ಮಾತು ತುರುಕಬಾರದು. ಅರ್ಧ ಮಂದಿ ಹೋದ್ರ ಊರೂ ಅರ್ಧ ಆಗ್ತದ. ಆದ್ರೂ ಆ ದೋಣಿ ನಾ ಮುಟ್ಟೂದಿಲ್ಲ."

ಊಟದವರೆಲ್ಲ ಹೋದ ಮೇಲೆ ಸಾವಿತ್ರವ್ವ ಚಾಪೆ ಹಾಸಿ ಒರಗುತ್ತಾರೆ. ಮಹೇಶ್ವರಿ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು ಟೈಪ್ ಮಾಡುತ್ತಾಳೆ, ಅಳಿಸುತ್ತಾಳೆ. ತಪ್ಪಾಯಿತೆಂದು ಬರೆಯಬೇಕೋ, ತಪ್ಪು ತನ್ನದಲ್ಲವೆಂದೋ ತಿಳಿಯುವುದಿಲ್ಲ. ಕೊನೆಗೆ ಎಲ್ಲರಿಗೂ ಕಾಣುವಂತೆ, ಬ್ರ್ಯಾಕೆಟ್ಟಿನೊಳಗೆ, ಇಷ್ಟನ್ನೇ ಕಳಿಸುತ್ತಾಳೆ:

'(ಬೀರ ಅವ್ರೇ, ಬಂದು ದೋಣಿ ದಾಟಸ್ರಿ. ಮನಸ್ಸಿಲ್ಲಾಂದ್ರ ಇಲ್ಲ ಅಂತರೆ ಒಂದು ಮಾತು ಹೇಳ್ರಿ.)'

ಪರಿಮಳಾ ನೋಡುತ್ತಾಳೆ. ವಿನೋದ ನೋಡುತ್ತಾನೆ. ಸ್ವಲ್ಪ ಹೊತ್ತಿಗೆ ನೋಡಿದವರ ಸಾಲಿನಲ್ಲಿ ಬೀರನ ಹೆಸರೂ ಮೂಡುತ್ತದೆ. ದೋಣಿ ಇನ್ನೂ ನಡುಹೊಳೆಯಲ್ಲೇ ಇದೆ; ಮಹೇಶ್ವರಿ ಮೊಬೈಲನ್ನು ಮತ್ತೆ ಉಪ್ಪಿನ ಡಬ್ಬಿಗೆ ಒರಗಿಸಿಟ್ಟು, ಸಂಜೆಯ ರೊಟ್ಟಿಗೆ ಹಿಟ್ಟು ಜರಡಿ ಹಿಡಿಯುತ್ತಾಳೆ.